ದಪ್ಪ ಇದ್ದವರೇ ಹೆಚ್ಚು ದಿನ ಬದುಕಿದರೇ? ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ದೇಹದ ತೂಕ

2020ರ ಜುಲೈ ತಿಂಗಳಲ್ಲಿ ಯುರೋಪಿನ ಮೂತ್ರರೋಗ ತಜ್ಞರ ಸಮ್ಮೇಳನ ನಡೆಯಿತು. ಕೋವಿಡ್ ಕಾಲವಾದ್ದರಿಂದ ಎಲ್ಲರೂ ಕಂಪ್ಯೂಟರಿನ ಪರದೆಯ ಮೇಲೆಯೇ ಸೇರಿದ್ದರು. ಅಲ್ಲಿ ಇಟಲಿಯ ಮಿಲಾನ್ ನಗರದ ಸಾನ್ ರಫಾಯೆಲೆ ಆಸ್ಪತ್ರೆಯ ವೈದ್ಯರು ಒಂದು ಲೆಕ್ಕ ಮುಂದಿಟ್ಟರು. ಪ್ರಾಸ್ಟೇಟ್ ಕ್ಯಾನ್ಸರ್ ತುಂಬಾ ಮುಂದುವರಿದಿದ್ದ 1,577 ಗಂಡಸರ ಲೆಕ್ಕ ಅದು. ಮೂರು ಔಷಧ ಪ್ರಯೋಗಗಳಲ್ಲಿ ಸೇರಿದ್ದವರು, ಸರಾಸರಿ ವಯಸ್ಸು 69. ಮೂವತ್ತಾರು ತಿಂಗಳು ಕಳೆದ ಮೇಲೆ ನೋಡಿದರೆ, ಬೊಜ್ಜು ಇದ್ದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಬದುಕಿದ್ದರು. ಅಷ್ಟು ದಪ್ಪ ಇಲ್ಲದವರಲ್ಲಿ ಬದುಕಿದ್ದವರು ನೂರಕ್ಕೆ ಸುಮಾರು 20 ಮಂದಿ ಮಾತ್ರ.

ಇನ್ನೊಂದು ಸಲ ಓದಿ. ದಪ್ಪ ಇದ್ದವರೇ ಹೆಚ್ಚು ಬದುಕಿದ್ದಾರೆ!

ಬೊಜ್ಜು ಕೆಟ್ಟದ್ದು, ಸಕ್ಕರೆ ಕಾಯಿಲೆ ಬರುತ್ತೆ, ಹೃದಯಕ್ಕೆ ತೊಂದರೆ ಅಂತ ನಿಮ್ಮ ಪಾಠಪುಸ್ತಕದಲ್ಲಿ ಓದಿದ್ದೀರಿ. ಹಾಗಾದರೆ ಇದೇನು? ಇಂಥ ಸುದ್ದಿ ಮೊಬೈಲಿನಲ್ಲಿ ಬಂದರೆ ಮನೆಯಲ್ಲಿ ಯಾರಾದರೂ ‘ನೋಡು, ದಪ್ಪ ಇರೋದೇ ಒಳ್ಳೇದು’ ಅಂತ ಹೇಳಿಯೇ ಹೇಳುತ್ತಾರೆ. ಲೆಕ್ಕದಲ್ಲಿ ಸುಳ್ಳಿಲ್ಲ. 2007ರಲ್ಲೇ ಅಮೆರಿಕದಲ್ಲಿ ಇಂಥದೇ ಹಂತದ ಸುಮಾರು 1,200 ರೋಗಿಗಳಲ್ಲಿ ಹೆಚ್ಚುಕಡಿಮೆ ಇದೇ ಮಾತು ಕಂಡಿತ್ತು. ಲೆಕ್ಕ ಸರಿ ಇದ್ದೂ ಅದರಿಂದ ತೆಗೆದ ಅರ್ಥ ತಪ್ಪಾಗಬಹುದು. ಅದು ಹೇಗೆ ಅನ್ನುವುದನ್ನೇ ಇಲ್ಲಿ ಬಿಡಿಸಿ ನೋಡೋಣ.

ಮೊದಲು ಈ ಪ್ರಾಸ್ಟೇಟ್ ಅಂದರೆ ಏನು ಅಂತ ತಿಳಿಯಬೇಕು. ಗಂಡಸರಲ್ಲಿ ಮಾತ್ರ ಇರುವ ಒಂದು ಗ್ರಂಥಿ ಇದು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದ ಹಾಗೆ ಸುತ್ತಿಕೊಂಡಿರುತ್ತದೆ. ಅಕ್ರೋಟಿನಷ್ಟು ದೊಡ್ಡದು ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅಕ್ರೋಟು ನೋಡದವರು ಸಿಪ್ಪೆ ಸುಲಿಯದ ಸಣ್ಣ ಅಡಿಕೆಯನ್ನು ನೆನೆಸಿಕೊಳ್ಳಿ. ವಯಸ್ಸಾದಂತೆ ಇದು ಸ್ವಲ್ಪ ಊದಿಕೊಳ್ಳುವುದು ತುಂಬಾ ಮಂದಿಗೆ ಆಗುತ್ತದೆ, ಅದು ಕ್ಯಾನ್ಸರ್ ಅಲ್ಲ. ಕೆಲವರಲ್ಲಿ ಮಾತ್ರ ಅಲ್ಲಿನ ಜೀವಕೋಶಗಳು ಅಂಕೆ ಮೀರಿ ಬೆಳೆಯುತ್ತವೆ. ಅವು ಗ್ರಂಥಿಯನ್ನು ದಾಟಿ ಬೆನ್ನುಮೂಳೆ, ಸೊಂಟದ ಮೂಳೆಗಳಿಗೆ ಹೋಗಿ ನೆಲೆಸಿದರೆ ಅದೇ ಮುಂದುವರಿದ ಹಂತ.

ಈ ಕ್ಯಾನ್ಸರ್ ಬೆಳೆಯಲು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಬೇಕು. ಶಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ಆ ಹಾರ್ಮೋನನ್ನು ತಗ್ಗಿಸಿದರೆ ಕ್ಯಾನ್ಸರ್ ಕುಗ್ಗುತ್ತದೆ ಅಂತ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇವತ್ತಿಗೂ ಮುಂದುವರಿದ ಕಾಯಿಲೆಗೆ ಹಾರ್ಮೋನು ತಗ್ಗಿಸುವ ಚುಚ್ಚುಮದ್ದೇ ಬುನಾದಿ. ಆದರೆ ಕೆಲವು ಕಾಲದ ನಂತರ ಕ್ಯಾನ್ಸರ್ ಜೀವಕೋಶಗಳು ಅತಿ ಕಡಿಮೆ ಹಾರ್ಮೋನಿನಲ್ಲೂ ಬೆಳೆಯುವುದನ್ನು ಕಲಿತುಬಿಡುತ್ತವೆ. ಮಿಲಾನ್ ಲೆಕ್ಕದಲ್ಲಿದ್ದ 1,577 ಮಂದಿ ಈ ಹಂತಕ್ಕೆ ಬಂದವರು. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಇನ್ನು ‘ಬೊಜ್ಜು’ ಅಂತ ಯಾರನ್ನು ಕರೆದರು? ಬಿಎಂಐ ಎಂಬ ಅಳತೆಯಿಂದ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. ಇದನ್ನು ಕೊಟ್ಟವರು ವೈದ್ಯರಲ್ಲ; ಬೆಲ್ಜಿಯಂ ದೇಶದ ಖಗೋಳ ಮತ್ತು ಗಣಿತ ವಿದ್ವಾಂಸ ಅಡಾಲ್ಫ್ ಕೆಟಲೆ, 1832ರಲ್ಲಿ. ಅವರಿಗೆ ಬೇಕಾಗಿದ್ದದ್ದು ಜನಸಮೂಹದ ಸರಾಸರಿ, ಒಬ್ಬ ರೋಗಿಯ ಆರೋಗ್ಯವಲ್ಲ. ಬಿಎಂಐ ಎಂಬ ಹೆಸರು ಬಂದದ್ದೂ 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. ಆ ಲೆಕ್ಕದಲ್ಲಿ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು. ನಮ್ಮ ದೇಶದವರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಕೊಬ್ಬು ಸೇರುವುದರಿಂದ ಇಲ್ಲಿನ ವೈದ್ಯರು 23 ಮತ್ತು 25ನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ.

ಈಗ ಇದಕ್ಕೆ ಪೂರ್ತಿ ಎದುರಾದ ಇನ್ನೊಂದು ಲೆಕ್ಕ ನೋಡಿ. ಅಮೆರಿಕದಲ್ಲಿ 9 ಲಕ್ಷಕ್ಕೂ ಹೆಚ್ಚು ಜನರನ್ನು, ಅವರಿಗೆ ಕ್ಯಾನ್ಸರ್ ಇಲ್ಲದ ಕಾಲದಲ್ಲೇ ಎತ್ತರ ತೂಕ ಬರೆದುಕೊಂಡು, 1982ರಿಂದ 16 ವರ್ಷ ಗಮನಿಸಿದರು. 2003ರಲ್ಲಿ ಬಂದ ಫಲಿತಾಂಶದಲ್ಲಿ, ಗಂಡಸರ ತೂಕ ಏರಿದಂತೆ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸಾಯುವ ಪ್ರಮಾಣವೂ ಏರಿತ್ತು. ಇದಕ್ಕೆ ಒಂದು ಕಾರಣ ಬಹಳ ಸರಳ. ಪ್ರಾಸ್ಟೇಟ್ ಕಾಯಿಲೆಯ ಸುಳಿವು ಹಿಡಿಯಲು ರಕ್ತದಲ್ಲಿ ಪಿಎಸ್‌ಎ ಎಂಬ ಪ್ರೋಟೀನನ್ನು ಅಳೆಯುತ್ತಾರೆ. ಒಂದೇ ಅಳತೆಯ ಬೆಲ್ಲದ ಉಂಡೆಯನ್ನು ಒಂದು ಚೊಂಬು ನೀರಿಗೂ ಹಾಕಿ, ಒಂದು ಕೊಡ ನೀರಿಗೂ ಹಾಕಿ. ಕೊಡದ ನೀರು ಸಪ್ಪೆ. ದಪ್ಪ ಇದ್ದವರ ಮೈಯಲ್ಲಿ ರಕ್ತದ ಪ್ಲಾಸ್ಮಾ ಹೆಚ್ಚು, ಹಾಗಾಗಿ ಪಿಎಸ್‌ಎ ತೆಳುವಾಗಿ ಕಾಣುತ್ತದೆ, ಕಾಯಿಲೆ ತಡವಾಗಿ ಸಿಕ್ಕುವ ಸಂಭವ ಇರುತ್ತದೆ.

ಹಾಗಾದರೆ ಕಾಯಿಲೆ ಬರುವ ಮುಂಚೆ ತೂಕ ಹೆಚ್ಚಿದ್ದರೆ ಕೆಡುಕು, ಕಾಯಿಲೆ ಮುಂದುವರಿದ ಮೇಲೆ ತೂಕ ಹೆಚ್ಚಿದ್ದರೆ ಒಳಿತು ಅಂತಾಯಿತು. ವೈದ್ಯರು ಇದನ್ನು ‘ಬೊಜ್ಜಿನ ವಿರೋಧಾಭಾಸ’ ಅನ್ನುತ್ತಾರೆ. ಹೆಸರಿಟ್ಟ ಮಾತ್ರಕ್ಕೆ ಒಗಟು ಬಿಡಿಸಿದ ಹಾಗಾಗಲಿಲ್ಲ.

ಒಂದು ಲೆಕ್ಕ ಮಾಡಿ. ಇಬ್ಬರು ಹಿರಿಯರು ಅಂತಿಟ್ಟುಕೊಳ್ಳಿ. ನಿಮ್ಮ ಕಡೆ ಅಜ್ಜ ಅಂತೀರೋ ತಾತ ಅಂತೀರೋ ಹಾಗೇ ಕರೆಯಿರಿ. ಇಬ್ಬರದೂ ಎತ್ತರ 165 ಸೆಂಟಿಮೀಟರ್, ಇಬ್ಬರದೂ ತೂಕ 66 ಕಿಲೋ. 1.65ರ ವರ್ಗ ಸುಮಾರು 2.72. ಇಬ್ಬರ ಬಿಎಂಐ 24.2. ಯುರೋಪಿನ ಲೆಕ್ಕದ ಪ್ರಕಾರ ಇಬ್ಬರೂ ‘ಸಾಧಾರಣ ತೂಕ’ದವರು. ಆದರೆ ಮೊದಲನೆಯ ಅಜ್ಜ ಇಪ್ಪತ್ತು ವರ್ಷದಿಂದ 66 ಕಿಲೋ. ಎರಡನೆಯ ಅಜ್ಜ ಹೋದ ವರ್ಷ 78 ಕಿಲೋ ಇದ್ದರು, ಆಗ ಬಿಎಂಐ 28.7. ಹನ್ನೆರಡು ಕಿಲೋ, ಅಂದರೆ ನೂರಕ್ಕೆ 15ಕ್ಕೂ ಹೆಚ್ಚು ಭಾಗ, ಕಾಯಿಲೆಯಲ್ಲಿ ಕರಗಿಹೋಗಿದೆ. ಅಧ್ಯಯನದ ಪಟ್ಟಿಯಲ್ಲಿ ಇಬ್ಬರೂ ಒಂದೇ ಕೋಣೆಗೆ ಬೀಳುತ್ತಾರೆ. ಎರಡನೆಯವರಂಥವರು ಬೇಗ ತೀರಿಕೊಂಡಾಗ ಆ ಸಾವು ‘ಸಾಧಾರಣ ತೂಕ’ದ ಖಾತೆಗೆ ಹೋಗುತ್ತದೆ. ದಪ್ಪದವರ ಕೋಣೆಯಲ್ಲಿ ಉಳಿದಿರುವವರು ಯಾರು? ಇನ್ನೂ ಸೊರಗದವರು. ಅವರ ಕಾಯಿಲೆ ಅಷ್ಟು ಬಿರುಸಾಗಿಲ್ಲ.

ಕಡಿಮೆ ತೂಕದಿಂದ ಕಾಯಿಲೆ ಕೆಟ್ಟದಾಯಿತೋ, ಕೆಟ್ಟ ಕಾಯಿಲೆಯಿಂದ ತೂಕ ಕಡಿಮೆಯಾಯಿತೋ? ಒಂದು ದಿನ ಮಾತ್ರ ತೂಕ ಹಾಕಿದರೆ ಇದು ತಿಳಿಯುವುದೇ ಇಲ್ಲ. ಒಗಟಿನ ದೊಡ್ಡ ಪಾಲು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಈ ಸೊರಗುವಿಕೆಗೆ ವೈದ್ಯರ ಹೆಸರು ಕ್ಯಾಕೆಕ್ಸಿಯಾ. ಗ್ರೀಕ್ ಭಾಷೆಯಲ್ಲಿ ‘ಕೆಟ್ಟ ಸ್ಥಿತಿ’ ಎಂದರ್ಥ. ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ: ಕ್ಷಯ. ಸವೆಯುವುದು ಅಂತಲೇ ಅದರ ಅರ್ಥ. ಮೈಯನ್ನು ಸವೆಸುವುದರಿಂದಲೇ ಟಿ.ಬಿ. ಕಾಯಿಲೆಗೂ ಆ ಹೆಸರು ಬಂತು. ಕ್ಯಾನ್ಸರಿನಲ್ಲಿ ಆರು ತಿಂಗಳೊಳಗೆ, ತಾನಾಗಿ, ನೂರಕ್ಕೆ 5 ಭಾಗಕ್ಕಿಂತ ಹೆಚ್ಚು ತೂಕ ಇಳಿದರೆ ಅದನ್ನು ಕ್ಯಾಕೆಕ್ಸಿಯಾ ಅಂತ ಎಣಿಸಬೇಕು ಎಂದು 2011ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಪ್ಪಿದರು. ಮೇದೋಜ್ಜೀರಕ ಗ್ರಂಥಿ, ಜಠರ ಇವುಗಳ ಕ್ಯಾನ್ಸರಿನಲ್ಲಿ ಇದು ಬೇಗ ಬರುತ್ತದೆ. ಪ್ರಾಸ್ಟೇಟಿನಲ್ಲಿ ಸಾಮಾನ್ಯವಾಗಿ ತಡ, ಕಾಯಿಲೆ ಬಹಳ ಮುಂದುವರಿದ ಮೇಲೆ.

ಉಪವಾಸಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನೀವು ಊಟ ಬಿಟ್ಟರೆ ದೇಹ ಜಾಣತನದಿಂದ ನಡೆದುಕೊಳ್ಳುತ್ತದೆ. ಮೊದಲ ಕೆಲವು ದಿನ ಕಳೆದ ಮೇಲೆ ಮಾಂಸಖಂಡವನ್ನು ಆದಷ್ಟು ಉಳಿಸಿಕೊಂಡು ಕೊಬ್ಬನ್ನು ಉರಿಸುತ್ತದೆ. ಮತ್ತೆ ಉಂಡರೆ ಮೈ ತುಂಬುತ್ತದೆ. ಕ್ಯಾಕೆಕ್ಸಿಯಾದಲ್ಲಿ ಈ ಉಳಿತಾಯದ ಬುದ್ಧಿಯೇ ಕೆಟ್ಟುಹೋಗುತ್ತದೆ. ಗಡ್ಡೆಯೂ ದೇಹದ ರಕ್ಷಣಾ ಪಡೆಯೂ ಸೇರಿ ರಕ್ತಕ್ಕೆ ಬಿಡುವ ರಾಸಾಯನಿಕಗಳು ಒಳಗೊಳಗೇ ಉರಿಯೂತ ಎಬ್ಬಿಸುತ್ತವೆ, ಹಸಿವನ್ನು ಅಡಗಿಸುತ್ತವೆ, ಕೊಬ್ಬಿನ ಜೊತೆಗೆ ಮಾಂಸಖಂಡವನ್ನೂ ಒಡೆಯುತ್ತವೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಬಾಯ್ಟ್ಲರ್, ಆಂಟನಿ ಸೆರಾಮಿ ಮತ್ತು ಸಂಗಡಿಗರು ಪ್ರಾಣಿಗಳನ್ನು ಹೀಗೆ ಸೊರಗಿಸುವ ಒಂದು ಪ್ರೋಟೀನನ್ನು ಬೇರ್ಪಡಿಸಿ ‘ಕ್ಯಾಕೆಕ್ಟಿನ್’ ಅಂತ ಹೆಸರಿಟ್ಟಿದ್ದರು. ತಮಾಷೆ ನೋಡಿ, ಬೇರೆಯವರು ಗಡ್ಡೆಯನ್ನು ಕೊಲ್ಲುವ ವಸ್ತು ಅಂತ ಹುಡುಕಿಟ್ಟಿದ್ದ ಟಿಎನ್‌ಎಫ್ ಕೂಡ ಅದೇ ಪ್ರೋಟೀನು ಅಂತ 1985ರಲ್ಲಿ ಗೊತ್ತಾಯಿತು. ಗಡ್ಡೆಗೆ ಎತ್ತಿದ ಕತ್ತಿ ಮೈಯನ್ನೂ ಕೆರೆಯುತ್ತಿತ್ತು.

ಆದ್ದರಿಂದಲೇ ‘ಚೆನ್ನಾಗಿ ಉಣ್ಣಿಸಿದರೆ ಸರಿಹೋಗುತ್ತೆ’ ಎಂಬ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಊಟ ಬೇಕೇ ಬೇಕು, ಆದರೆ ಊಟದಿಂದ ಮಾತ್ರ ಇದು ಪೂರ್ತಿ ಹಿಂದಿರುಗುವುದಿಲ್ಲ. ಮನೆಯಲ್ಲಿ ಅಜ್ಜಿ ರೊಟ್ಟಿಯೋ ಮುದ್ದೆಯೋ ಗಂಜಿಯೋ ಇಟ್ಟುಕೊಂಡು ‘ಇನ್ನೊಂದು ತುತ್ತು’ ಅಂತ ಒತ್ತಾಯ ಮಾಡುವುದು, ಅಜ್ಜ ಮುಖ ತಿರುಗಿಸುವುದು, ಕೊನೆಗೆ ಇಬ್ಬರಿಗೂ ಬೇಸರ. ಅಜ್ಜ ಹಟ ಮಾಡುತ್ತಿಲ್ಲ; ಹಸಿವಿನ ಗುಂಡಿಯನ್ನೇ ಕಾಯಿಲೆ ಒತ್ತಿ ಹಿಡಿದಿದೆ. ಆ ಗುಂಡಿಗಳಲ್ಲಿ ಒಂದರ ಹೆಸರು ಜಿಡಿಎಫ್-15. ಅದನ್ನು ತಡೆಯುವ ಒಂದು ಔಷಧದಿಂದ ಶ್ವಾಸಕೋಶ, ಮೇದೋಜ್ಜೀರಕ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರ ತೂಕ 12 ವಾರಗಳಲ್ಲಿ ಏರಿತೆಂದು 2024ರಲ್ಲಿ ವರದಿಯಾಯಿತು. ಹೆಚ್ಚಿನ ಪ್ರಮಾಣ ಪಡೆದವರಿಗೆ, ಔಷಧವಿಲ್ಲದ ಚುಚ್ಚುಮದ್ದು ಪಡೆದವರಿಗಿಂತ ಸುಮಾರು 2.8 ಕಿಲೋ ಹೆಚ್ಚು. ಪ್ರಾಸ್ಟೇಟ್ ರೋಗಿಗಳು ಆ ಪ್ರಯೋಗದಲ್ಲಿ ಇರಲಿಲ್ಲ.

ಒಗಟಿನ ಎರಡನೆಯ ಎಳೆ ಹಿಡಿಯಲು ಆಸ್ಪತ್ರೆಯಿಂದ ಯುದ್ಧವಿಮಾನಕ್ಕೆ ಹೋಗಬೇಕು. ಇಂದಿನ ರುಮೇನಿಯಾದಲ್ಲಿ 1902ರಲ್ಲಿ ಹುಟ್ಟಿದ ಆಬ್ರಹಾಂ ವಾಲ್ಡ್ ಎಂಬ ಗಣಿತಜ್ಞರು ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಗುಂಡೇಟು ತಿಂದು ಮರಳಿ ಬಂದ ವಿಮಾನಗಳ ಲೆಕ್ಕದಿಂದ, ವಿಮಾನದ ಯಾವ ಭಾಗ ಹೆಚ್ಚು ಅಪಾಯದ್ದು ಅಂತ ಕಂಡುಹಿಡಿಯುವ ವಿಧಾನವನ್ನು ಅವರು ಬರೆದುಕೊಟ್ಟರು. ಮರಳಿ ಬಂದವುಗಳ ಎಂಜಿನ್ ಭಾಗದಲ್ಲಿ ತೂತು ಕಡಿಮೆ ಅಂದರೆ ಅಲ್ಲಿ ಗುಂಡು ಬೀಳುವುದಿಲ್ಲ ಅಂತಲ್ಲ. ಅಲ್ಲಿ ಪೆಟ್ಟು ತಿಂದವು ಮರಳಿ ಬರಲೇ ಇಲ್ಲ. ಬಂದವನ್ನು ಮಾತ್ರ ಎಣಿಸಿದರೆ ಬಾರದವುಗಳ ಕತೆ ಕಾಣುವುದಿಲ್ಲ. ನೀಲಗಿರಿಯ ಮಕ್ಕಳು ಈ ಹೆಸರನ್ನು ಬರೆದಿಟ್ಟುಕೊಳ್ಳಿ: ಭಾರತಕ್ಕೆ ಉಪನ್ಯಾಸ ಪ್ರವಾಸ ಬಂದಿದ್ದ ವಾಲ್ಡ್ ಮತ್ತು ಅವರ ಪತ್ನಿ ತೀರಿಕೊಂಡದ್ದು ನಿಮ್ಮ ಬೆಟ್ಟಗಳಲ್ಲೇ. 1950ರ ಡಿಸೆಂಬರ್ 13ರಂದು ಅವರಿದ್ದ ಏರ್ ಇಂಡಿಯಾ ವಿಮಾನ ರಂಗಸ್ವಾಮಿ ಪಿಲ್ಲರ್ ಎಂಬ ಬಂಡೆಯ ಹತ್ತಿರ ಅಪಘಾತಕ್ಕೆ ಈಡಾಯಿತು.

ಈಗ ಆ 1,577 ಮಂದಿಯನ್ನು ವಾಲ್ಡ್ ಕಣ್ಣಿನಿಂದ ನೋಡಿ. ಅವರು ಮರಳಿ ಬಂದ ವಿಮಾನಗಳು. ಬೊಜ್ಜು ಇದ್ದ ಎಷ್ಟೋ ಗಂಡಸರು ಹೃದಯಾಘಾತದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಈ ಹಂತ ತಲುಪುವ ಮೊದಲೇ ಹೋಗಿರುತ್ತಾರೆ. ಬೊಜ್ಜಿದ್ದೂ 69ರ ವಯಸ್ಸಿಗೆ, ಹಲವು ಚಿಕಿತ್ಸೆ ದಾಟಿ, ಔಷಧ ಪ್ರಯೋಗಕ್ಕೆ ಸೇರಿಸಿಕೊಳ್ಳುವಷ್ಟು ಗಟ್ಟಿಯಾಗಿ ಬಂದವರೆಂದರೆ ಗಟ್ಟಿಗರೇ ಇರಬೇಕು. ಬೀಡಿ ಸಿಗರೇಟು ಸೇದುವವರು ಸಾಮಾನ್ಯವಾಗಿ ತೆಳ್ಳಗಿರುತ್ತಾರೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಔಷಧದ ಅಳತೆಯೂ ಒಂದು ಸಂದೇಹ. ಈ ಹಂತದಲ್ಲಿ ಕೊಡುವ ಡೋಸಿಟ್ಯಾಕ್ಸೆಲ್ ಎಂಬ ಔಷಧವನ್ನು ಚರ್ಮದ ಒಟ್ಟು ವಿಸ್ತೀರ್ಣ ನೋಡಿ ಅಳೆಯುತ್ತಾರೆ, ಒಂದು ಚದರ ಮೀಟರಿಗೆ 75 ಮಿಲಿಗ್ರಾಂ. ಚರ್ಮ ಅಳೆಯಲು ಟೇಪು ಬೇಡ, ವರ್ಗಮೂಲ ಸಾಕು: ಸೆಂಟಿಮೀಟರಿನ ಎತ್ತರವನ್ನು ಕಿಲೋ ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 165 ಸೆಂಟಿಮೀಟರ್, 60 ಕಿಲೋ ಇದ್ದವರಿಗೆ 1.66 ಚದರ ಮೀಟರ್ ಬರುತ್ತದೆ, ಔಷಧ ಸುಮಾರು 124 ಮಿಲಿಗ್ರಾಂ. 80 ಕಿಲೋ ಇದ್ದವರಿಗೆ ಸುಮಾರು 144. ದಪ್ಪ ಇದ್ದವರಿಗೆ ಔಷಧ ಹೆಚ್ಚು ಹೋದದ್ದರಿಂದಲೇ ಬದುಕಿದರೇ? ಮಿಲಾನಿನವರು ಇದನ್ನೂ ಲೆಕ್ಕಕ್ಕೆ ಹಿಡಿದು ನೋಡಿದರು. ವ್ಯತ್ಯಾಸ ಹೋಗಲಿಲ್ಲ. ಹಾಗಾಗಿ ತೂಕದಿಂದ ಸ್ವಲ್ಪ ನಿಜವಾದ ಅನುಕೂಲವೂ ಇರಬಹುದು ಎಂಬ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಕಷ್ಟಕಾಲಕ್ಕೆ ಕಣಜದಲ್ಲಿ ಕಾಳಿದ್ದ ಹಾಗೆ.

ಆದರೆ ಕಣಜದಲ್ಲಿ ಇರುವುದು ಕಾಳೋ ಹೊಟ್ಟೋ? ತಕ್ಕಡಿ ಎರಡನ್ನೂ ಒಂದೇ ಥರ ತೂಗುತ್ತದೆ. ಹಾರ್ಮೋನು ತಗ್ಗಿಸುವ ಚಿಕಿತ್ಸೆಯಲ್ಲಿದ್ದ ಪ್ರಾಸ್ಟೇಟ್ ರೋಗಿಗಳನ್ನು ಅಮೆರಿಕದಲ್ಲಿ 48 ವಾರ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಬಂತು. ಅವರ ತೂಕ ಸರಾಸರಿ ನೂರಕ್ಕೆ 2.4 ಏರಿತ್ತು. ಮನೆಯವರಿಗೆ ಸಂತೋಷದ ಸಂಗತಿ ಅನ್ನಿಸಬೇಕು, ಅಲ್ವಾ? ಒಳಗೆ ನೋಡಿದರೆ ಕೊಬ್ಬು ನೂರಕ್ಕೆ 9.4 ಏರಿ, ಮಾಂಸಖಂಡ ಮೊದಲಾದ ಕೊಬ್ಬಲ್ಲದ ಭಾಗ ನೂರಕ್ಕೆ 2.7 ಇಳಿದಿತ್ತು. ಕೆನಡಾದ ವಿಜ್ಞಾನಿಗಳು 2008ರಲ್ಲಿ ಶ್ವಾಸಕೋಶ ಮತ್ತು ಜೀರ್ಣಾಂಗಗಳ ಕ್ಯಾನ್ಸರ್ ಇದ್ದ 250 ಬೊಜ್ಜಿನ ರೋಗಿಗಳ ಸಿ.ಟಿ. ಸ್ಕ್ಯಾನ್ ನೋಡಿ ಮಾಂಸಖಂಡವನ್ನೇ ಅಳೆದರು. ಅವರಲ್ಲಿ 38 ಮಂದಿ ಹೊರಗೆ ದಪ್ಪ, ಒಳಗೆ ಮಾಂಸಖಂಡವೇ ಇಳಿದುಹೋದವರು. ಆ ಗುಂಪು ಉಳಿದ ದಪ್ಪದವರಿಗಿಂತ ಬೇಗ ತೀರಿಕೊಂಡಿತು. ಕಾಪಾಡುವ ಕೆಲಸ ಕೊಬ್ಬಿನದಲ್ಲ, ಮಾಂಸಖಂಡದ್ದು ಎಂಬ ಕಡೆಗೆ ಇದು ಬೊಟ್ಟು ಮಾಡುತ್ತದೆ.

ಮಾಂಸಖಂಡವನ್ನು ಉಳಿಸಿಕೊಳ್ಳುವ ದಾರಿಯೂ ಇದೆ. ಆಸ್ಟ್ರೇಲಿಯಾದಲ್ಲಿ ಹಾರ್ಮೋನು ಚಿಕಿತ್ಸೆಯಲ್ಲಿದ್ದ 57 ಗಂಡಸರ ಮೇಲೆ ನಡೆದ ಪ್ರಯೋಗವೊಂದರಲ್ಲಿ, 12 ವಾರ ಭಾರ ಎತ್ತುವ ಮತ್ತು ಉಸಿರು ಏರಿಸುವ ವ್ಯಾಯಾಮ ಎರಡನ್ನೂ ಮಾಡಿದವರ ಮಾಂಸಖಂಡವೂ ಬಲವೂ ಹೆಚ್ಚಿದವು. ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ ಮೂಳೆ ಮುರಿಯುವ ಭಯ ಇರುವುದರಿಂದ ಯಾವ ವ್ಯಾಯಾಮ, ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಇದೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೆ? ಗಡಿನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನಿಗೆ ಕನ್ನಡ ಬಿಟ್ಟು ಬೇರೆ ಮಾತು ಸಲೀಸಾಗಿ ಬರುವುದಿಲ್ಲ. ಆಸ್ಪತ್ರೆಯಲ್ಲಿ ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ. ನಡುವೆ ನಿಂತು ಮಾತು ದಾಟಿಸುವವರು ಅನೇಕ ಸಲ ಶಾಲೆಗೆ ಹೋಗುವ ನೀವೇ. ‘ಸ್ವಲ್ಪ ಸೊರಗಿದ್ದಾರೆ’ ಅಂದರೆ ಅದು ಯಾವ ಭಾಷೆಯಲ್ಲೂ ಡಾಕ್ಟರಿಗೆ ಸರಿಯಾಗಿ ತಲುಪುವುದಿಲ್ಲ. ‘ಜನವರಿಯಲ್ಲಿ 71, ಈಗ 65’ ಅಂದರೆ ತಲುಪುತ್ತದೆ. ಕ್ಯಾನ್ಸರ್ ಇದ್ದವರು ಮನೆಯಲ್ಲಿದ್ದರೆ ತಿಂಗಳಿಗೆ ಎರಡು ಸಲ, ಅದೇ ಯಂತ್ರದಲ್ಲಿ, ಅದೇ ಹೊತ್ತಿಗೆ, ಹಗುರ ಬಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಯಂತ್ರ ಇಲ್ಲವೆಂದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇರುತ್ತದೆ. ಬೆರಳಿನ ಉಂಗುರ ಜಾರುವುದು, ಹಲ್ಲಿನ ಸೆಟ್ಟು ಸಡಿಲಾಗುವುದು, ಕುರ್ಚಿಯಿಂದ ಏಳಲು ಕೈ ಊರುವುದು ಇವನ್ನೂ ಗಮನಿಸಿ. ಕಾಲಿನಲ್ಲಿ ನೀರು ತುಂಬಿದ್ದರೆ ತೂಕ ಇಳಿದದ್ದು ಮುಚ್ಚಿಹೋಗುತ್ತದೆ, ಅದನ್ನೂ ಹೇಳಿ. ದಪ್ಪ ಇದ್ದವರು ತೆಳ್ಳಗಾದರೆ ‘ಒಳ್ಳೆಯದೇ ಆಯ್ತು’ ಅಂತ ಸುಮ್ಮನಾಗಬೇಡಿ. ಸುದ್ದಿ ನೋಡಿ ಅಜ್ಜನಿಗೆ ಬೆಣ್ಣೆ, ಕರಿದ ತಿಂಡಿ ಸುರಿದು ಬೊಜ್ಜು ಬರಿಸಲೂ ಹೋಗಬೇಡಿ. ಮೊಟ್ಟೆ, ಬೇಳೆ, ಮೊಸರು, ಮೀನು, ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ ಅದು, ಸ್ವಲ್ಪ ಸ್ವಲ್ಪ, ಹಲವು ಸಲ, ಒತ್ತಾಯ ಬೇಡ.

ಕೊನೆಗೊಂದು ಲೆಕ್ಕ. ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಮೂವರು ಹಿರಿಯರು, ಮೂವರದೂ ಎತ್ತರ 165 ಸೆಂಟಿಮೀಟರ್. ಮೊದಲನೆಯವರು ಆರು ತಿಂಗಳ ಹಿಂದೆ 52 ಕಿಲೋ, ಇವತ್ತೂ 52. ಎರಡನೆಯವರು ಆಗ 90, ಈಗ 81. ಮೂರನೆಯವರು ಆಗ 70, ಈಗ 69. ಮೂವರ ಬಿಎಂಐ ತೆಗೆಯಿರಿ, ತೂಕ ನೂರಕ್ಕೆ ಎಷ್ಟು ಇಳಿದಿದೆ ಅಂತಲೂ ತೆಗೆಯಿರಿ. ಡಾಕ್ಟರ ಬಳಿಗೆ ಯಾರನ್ನು ಮೊದಲು ಕರೆದುಕೊಂಡು ಹೋಗುತ್ತೀರಿ, ಯಾಕೆ ಅಂತ ಬರೆದು ನಿಮ್ಮ ವಿಜ್ಞಾನ ಟೀಚರಿಗೆ ತೋರಿಸಿ.